ಸೊನ್ನೆ ಬರೆಯುವುದು

ನಾಮಕ್ವಾಲ್ಯಾಂಡಿನ ಈ ಕಲ್ಲುನೆಲದಲ್ಲಿ
ಬೆಳಗಿನ ಎಂಟಕ್ಕೆ ಸರಿಯಾಗಿ
ಔಮಾ ಫೇಕಿ (ಔಮಾ ಅಂದರೆ ನಮ್ಮಲ್ಲಿ ಅಜ್ಜಿ)
ಆಡಿನ ದೊಡ್ಡಿಯ ಹಿಂದಿನ ಹಿತ್ತಾಳೆ ಡಬ್ಬಿಯಿಂದ
ಗಾಜಿನ ಕೊಳವೆ ತೆಗೆದು
ಬಿಸಿಲಿಗೆ ಎತ್ತಿ ಹಿಡಿಯುತ್ತಿದ್ದಳು.
ಹವಾಮಾನ ಕಚೇರಿಯವರು ನೆಟ್ಟುಹೋದ ಮಳೆಮಾಪಕ.
ಸಂಬಳವಿಲ್ಲ. ವರ್ಷಕ್ಕೊಂದು ಕ್ಯಾಲೆಂಡರು, ಎರಡು ಪೆನ್ಸಿಲು.

ಮಳೆಯೋ, ಇಲ್ಲಿ ನೆಂಟರಿಗಿಂತ ಅಪರೂಪ.
ಪುಟದ ತುಂಬ ಸೊನ್ನೆ, ಸೊನ್ನೆ, ಸೊನ್ನೆ,
ಆಡಿನ ಹಿಕ್ಕೆ ಸಾಲಾಗಿ ಉದುರಿದ ಹಾಗೆ.
"ಬಂದ ದಿನ ಮಾತ್ರ ಬರೆದರೆ ಸಾಲದೇ?"
ಮೊದಲ ವರ್ಷ ಅವಳೇ ಕೇಳಿದ್ದಳಂತೆ.
ಕಚೇರಿಯ ಹುಡುಗ, ಮೀಸೆ ಇನ್ನೂ ಚಿಗುರುತ್ತಿದ್ದವನು, ಅಂದನಂತೆ:
"ಖಾಲಿ ಬಿಟ್ಟರೆ ಯಾರೂ ನೋಡಲಿಲ್ಲ ಅಂತ ಅರ್ಥ.
ಸೊನ್ನೆ ಅಂದರೆ, ನೋಡಿದ್ದೀರಿ ಅಂತ."

ಆ ಮಾತನ್ನು ಏಪ್ರನ್ನಿನ ಜೇಬಿಗೆ ಹಾಕಿಕೊಂಡು
ಅವಳು ಅಡುಗೆಮನೆಗೆ ಬಂದಳು.
ಮೇಜಿನ ಮೇಲೆ ಆ ಇನ್ನೊಂದು ಪುಸ್ತಕ,
ಬೆನ್ನು ಹರಿದು, ಆಡಿನ ತೊಗಲಿನ ಪಟ್ಟಿಯಲ್ಲಿ ಕಟ್ಟಿದ್ದು.
ಅಂದಿನಿಂದ ಎಂಟಕ್ಕೆ ಮುಂಚೆ, ಕಾಫಿ ಕುದಿಯುವಷ್ಟು ಹೊತ್ತು,
ಒಂದು ಅಧ್ಯಾಯ; ಅಂಚಿನಲ್ಲಿ ತಾರೀಖು;
ತಾರೀಖಿನ ಪಕ್ಕ, ಎದೆಯೊಳಗೆ ಎಷ್ಟು ಬಿತ್ತೋ ಅಷ್ಟು.

ಚಿಕ್ಕವಳಿದ್ದಾಗ ಕದ್ದು ನೋಡಿದ್ದೇನೆ.
ಯಾರಿಗೆ ಯಾರು ಹುಟ್ಟಿದರೆಂಬ ಉದ್ದದ ಪಟ್ಟಿಗೆ ಸೊನ್ನೆ.
ಗುಡಾರದ ಅಳತೆ, ಪರದೆ, ಕೊಂಡಿಗಳಿಗೆ
ಹನ್ನೆರಡು ದಿನ, ಹನ್ನೆರಡು ಸೊನ್ನೆ.
ಯಾರೋ ಬಾವಿಕಟ್ಟೆಯಲ್ಲಿ ನೀರು ಕೇಳಿದಲ್ಲಿ
ಪೆನ್ಸಿಲು ಒತ್ತಿ ಬರೆದಿದ್ದಾಳೆ: ಒಂಬತ್ತು.
ಅದೇ ಅಧ್ಯಾಯ, ಮೂರು ವರ್ಷದ ನಂತರ: ಸೊನ್ನೆ.
ಕೇಳಿದೆ. ನಕ್ಕಳು.
"ಅದೇ ಡಬ್ಬಿ, ಅದೇ ಆಕಾಶ. ನಾನೇನು ಮಾಡಲಿ ಮಗೂ?"

ಪಾದ್ರಿ ತಿಂಗಳಿಗೊಮ್ಮೆ ಜೀಪಿನಲ್ಲಿ ಬರುತ್ತಾನೆ,
ಒಳ್ಳೆಯ ಮಾತುಗಾರ, ಎಲ್ಲರೂ ಕಣ್ಣೊರೆಸಿಕೊಳ್ಳುತ್ತಾರೆ.
ಔಮಾಳೂ ಒರೆಸಿಕೊಳ್ಳುತ್ತಾಳೆ. ಆಮೇಲೆ ಹೇಳುತ್ತಾಳೆ:
"ಕೇಪ್‌ಟೌನಿನಲ್ಲಿ ಮಳೆ ಅಂತ ರೇಡಿಯೋ ಹೇಳಿದರೆ
ನಮ್ಮ ಗಾಜು ತುಂಬುತ್ತದೆಯೇ?"

ಒಂದೇ ಒಂದು ಕಡೆ ಖಾಲಿ ಇದೆ.
ಎರಡೂ ಪುಸ್ತಕದಲ್ಲಿ, ಅದೇ ನಾಲ್ಕು ದಿನ.
ಖೆರ್ಟ್ ಮಾವ ತಾಮ್ರದ ಗಣಿಯಿಂದ ಮೇಲೆ ಬರಲಿಲ್ಲ,
ಆ ವಾರ.
ಐದನೆಯ ದಿನ ಹೋಗಿ ಕೊಳವೆ ಎತ್ತಿದರೆ
ಒಳಗೆ ಹನ್ನೊಂದು ಮಿಲಿಮೀಟರು.
ಯಾವ ರಾತ್ರಿಯದು, ಯಾರಿಗೆ ಗೊತ್ತು.
ಒಟ್ಟು ಅಂತ ಬರೆದು ಕಳಿಸಿದಳು ಕಚೇರಿಗೆ.
ಆದರೆ ಅಡುಗೆಮನೆಯ ಪುಸ್ತಕ
ನೀರನ್ನು ಹಾಗೆ ಹಿಡಿದಿಡುವುದಿಲ್ಲವಂತೆ.
"ಬಿದ್ದಿತ್ತೋ ಏನೋ. ನಾನು ನೋಡಲಿಲ್ಲ"
ಅದೊಂದನ್ನು ಹೇಳುವಾಗ ಮಾತ್ರ
ಅವಳು ಬಟ್ಟಲು ತೊಳೆಯುವ ನೆಪದಲ್ಲಿ ಎದ್ದು ಹೋಗುತ್ತಾಳೆ.

ಈಗ ಅವಳ ಕಣ್ಣಿಗೆ ಪೊರೆ.
ಮಳೆಮಾಪಕ ನನ್ನ ಪಾಲಿಗೆ, ಓದುವುದೂ.
ಸೊಸೈಟಿ ಅಂಗಡಿಯ ಗಲ್ಲಾಕ್ಕೆ ಹೊರಡುವ ಮೊದಲು
ಆಕಳಿಸುತ್ತ ಓದುತ್ತೇನೆ, ಒಂದು ಕಣ್ಣು ಗಡಿಯಾರದ ಮೇಲೆ.
ಮುಗಿದೊಡನೆ ಅವಳ ಪ್ರಶ್ನೆ: "ಎಷ್ಟು?"

ಇವತ್ತು ಓದಿದ್ದು ಒಂದಕ್ಷರವೂ ತಲೆಗೆ ಹೋಗಿರಲಿಲ್ಲ.
ಪಾಪ, ಮುದುಕಿ ಖುಷಿಪಡಲಿ ಅಂತ
"ಎರಡು" ಅಂದೆ.
ಪೊರೆ ಬಿದ್ದ ಕಣ್ಣು ನೆಟ್ಟಗೆ ನನ್ನ ಕಡೆ ತಿರುಗಿತು.
"ಚಾರ್ನೆಲ್,
ಗಾಜಿನೊಳಗೆ ಉಗುಳಿ ಮಳೆ ಅನ್ನಬೇಡ.
ಸೊನ್ನೆಯಾದರೆ ಸೊನ್ನೆ ಬರಿ.
ಅವನಿಗೇನು ಗೊತ್ತಿಲ್ಲವೇ ಇದು ಎಂಥ ನೆಲ ಅಂತ?"

ಬರೆದೆ. ಕೈ ಒಂದಿಷ್ಟು ಬಿಸಿಯಾಗಿತ್ತು, ನಾಚಿಕೆಗೆ.
ಪೆನ್ಸಿಲನ್ನು ಪುಟದ ನಡುವೆ ಇಟ್ಟು ಹೊರಗೆ ಹೋದೆ.
ಎಂಟಾಗಲು ಎರಡು ನಿಮಿಷ.
ಮೋಡವಿರಲಿಲ್ಲ.
ಡಬ್ಬಿಯ ಮುಚ್ಚಳ ತೆಗೆದೆ.