ಬೆನ್ನಿನ ಭಾಗ

ಬನಹಟ್ಟ್ಯಾಗ ನಲವತ್ತೊಂದು ಡಿಗ್ರಿ ಬಿಸಲು,
ನಾ ಉಲ್ಲನ್ ಹೆಣಕೋತ ಕುಂತೀನಿ.
ನಗರ್ರಿ. ಓಣಿ ಎಲ್ಲಾ ನಕ್ಕ ಮುಗಿಸೈತಿ.
ಬೆವತ ಬೆರಳಿಗೆ ಎಳಿ ಅಂಟತೈತಿ,
ಕ್ರೋಶಾ ಕಡ್ಡಿ ಜಾರತೈತಿ,
ಸೆರಗಿಗೆ ಒರಸಿಕೊಂಡು ಮತ್ತ ಹಿಡೀತೀನಿ.

ರಾತ್ರಿ ಎಂಟೂವರಿ ಧಾರಾವಾಹಿಯೊಳಗ
ಮಂಜಿನ ಗುಡ್ಡದ ಮ್ಯಾಲೊಂದು ಅಂಚೆ ಮನಿ.
ಅಲ್ಲಿ ಪೋಸ್ಟ್ ಮಾಸ್ತರಣಿ ಇಂದುಮುಖಿ,
ಹೆಗಲ ಮ್ಯಾಲ ಮೂರು ಮೂಲಿ ಶಾಲು,
ಜೋನಿಬೆಲ್ಲದ ಬಣ್ಣ, ಹಸರ ಅಂಚು.
ಆಕಿ ಯಾರಿಗೂ ಹೆದರಂಗಿಲ್ಲ.
ವಿಳಾಸ ಅಳಿಸಿದ ಕಾಗದಾನೂ ಮುಟ್ಟಸತಾಳ,
ಒಂದೊಂದಕ್ಕ ಎರಡು ವಾರ ತಗೋತಾಳ,
ನಡುನಡುವ ಸಾಬಾಣದ ಜಾಹೀರಾತು.

ಹೆಣಿಗಿ ಕಲಿಸಿದಾಕಿ ಮೈರುನ್ನಿಸಾ,
ಗೋಡಿ ಆಚೆ ಮನಿಯಾಕಿ.
ಮೊಬೈಲಿನ್ಯಾಗ ಚಿತ್ರ ನಿಲ್ಲಿಸಿ
ಎರಡು ಬೆರಳಲೆ ಹಿಗ್ಗಿಸಿ ಹಿಗ್ಗಿಸಿ
ಇಬ್ಬರೂ ಕುಣಿಕಿ ಎಣಿಸಿದ್ವಿ:
ಐದು ಸರಪಳಿ, ಮೂರು ಕಂಬ, ಒಂದು ಬೀಸಣಿಗಿ.
ಇಲ್ಲ, ನಾಕು ಕಂಬ.
ಇಲ್ಲ, ಅದು ಆಕಿ ಕೊರಳ ಸರದ ನೆರಳು.
ಮೂರು ಸಲ ಬಿಚ್ಚಿದೆ.
ಬಿಚ್ಚಿದ ಉಲ್ಲನ್ ಗುಂಗುರು ಗುಂಗುರಾಗಿ
ಹಳೇ ಆಕಾರ ಮರೀಲಾರದ ಕುಂತಿತ್ತು.

ಮುಂಜಾನೆಯಿಂದ ನಾ ಕಂಡಿಕಿ ಸುತ್ತಾಕಿ.
ಮಂದಿ ನೂಲು, ಮಂದಿ ಸೀರಿ, ಕಿಲೋ ಲೆಕ್ಕದ ಪಗಾರ.
ಈ ಕೈಯಾಗ ಹಾದು ಹೋದ ಎಳಿ ಹಾಸಿದ್ರ
ಆ ಗುಡ್ಡದ ಅಂಚೆ ಮನಿತನಕ ಮುಟ್ಟತಿತ್ತೇನೋ.
ಅದರಾಗ ಒಂದು ಗೇಣು ನಂದಲ್ಲ.
ಇದು ನಂದು. ರಬಕವಿ ಅಂಗಡ್ಯಾಗ
ಚೌಕಾಸಿ ಮಾಡಿ ತಂದ ಎಂಟು ಉಂಡಿ.

ಮಗ್ಗ ರಿಪೇರಿ ಮಾಡೂ ನನ್ನ ಗಂಡ
ಒಂದಿನ ಕನ್ನಡಕ ಏರಿಸಿ,
ಎಣ್ಣಿ ಕೈ ಹಿಂದ ಕಟಗೊಂಡು ಬಗ್ಗಿ ನೋಡಿದ.
"ಈ ಕುಣಿಕಿ ಯಾವ ಮಷಿನ್ನಿಗೂ ಬರೂದಿಲ್ಲ ನೋಡ"
ಅಂದ. ಚಾ ಕುಡದ, ಹೋದ.
ಇಪ್ಪತ್ತೆರಡು ವರ್ಷದಾಗ
ನನ್ನ ಕೈಕೆಲಸಕ್ಕ ಬಂದ ಮೊದಲ ಮಾತು.

ತೊಡಕಾದದ್ದು ಬೆನ್ನಿಗೆ.
ಆಕಿ ತಿರಗೂದಽ ಇಲ್ಲ.
ಬಾಗಲಕ್ಕ ಬಂದ್ರೂ ಮುಖ, ಹೋದ್ರೂ ಮುಖ,
ಅಳೂವಾಗ ಮೂರು ಸಲ ಮುಖ.
ಬೆನ್ನ ಮ್ಯಾಲ ಹೂ ಐತೋ, ಬರೇ ಜಾಳಿಗಿ ಐತೋ?
ಇನ್ನೂರಾ ಹನ್ನೆರಡನೇ ಕಂತು.
ಗಂಡನ ಕಾಗದ ಬೆಂಕಿಗೆ ಒಗದು
ಆಕಿ ತಿರಗಿದಳು,
ಅರ್ಧ ತಿರಗಿದಳು,
ಕರೆಂಟ್ ಹೋತು.
ಊರಾನ ಮಗ್ಗೆಲ್ಲ ಒಮ್ಮೆಲೆ ಬಾಯಿ ಮುಚ್ಚಿದ್ವು.
ಆ ಕತ್ತಲದಾಗ ಗೋಡಿ ಆಚೆಯಿಂದ
ಮೈರುನ್ನಿಸಾ ಬೈದ ಬೈಗಳ
ಬರ್ಯಾಕ ಬರೂದಿಲ್ಲ.
ಮರುದಿನ ಮೊಬೈಲಿನ್ಯಾಗ ಹುಡುಕಿ ನೋಡಿದ್ರ
ಪೂರಾ ತಿರಗ್ಯಾಳ,
ಬೆನ್ನ ತುಂಬ ಕೂದಲಾ ಬಿಟ್ಟಾಳ!

ಹದಿನೈದು ದಿನ ಟ್ರಂಕಿನ ಮ್ಯಾಲ ಬಿದ್ದಿತ್ತು
ಬೆನ್ನಿಲ್ಲದ ಶಾಲು.
ಆಮ್ಯಾಲ ನಮ್ಮವ್ವನ ಧಾರಿ ಸೀರಿ ತಗದೆ.
ಡಾಂಬರ ಗುಳಗಿ ವಾಸನಿ.
ಸೆರಗಿನ ತೆನಿ ಒಂದೊಂದಽ ಎಣಿಸಿದೆ,
ಮೈರುನ್ನಿಸಾನ ಹತ್ರ ಕೆಂಪನ್ನದೊಂದು ಉಂಡಿ ಕೈಗಡ ತಂದೆ,
ಗುಡ್ಡದಾಕಿ ಬೆನ್ನಿಗೆ ನಮ್ಮ ತೆನಿ ಹೆಣದೆ.
ತಪ್ಪಿದ್ರ ಆಕೀನಽ ಕೂದಲಾ ಎತ್ತಿ ತೋರಸಲಿ.

ಮೊನ್ನೆ ಆರ್‌ಡಿ ಕಟ್ಟಾಕ ಅಂಚೆ ಕಚೇರಿಗೆ
ಹೊತಗೊಂಡಽ ಹೋದೆ.
ಕೌಂಟರಿನ್ಯಾಂವ ಕಣ್ಣೆತ್ತಿ
"ಯಕ್ಕಾ, ಜ್ವರ ಬಂದಾವೇನ್ರಿ?" ಅಂದ.
ಇಲ್ಲಂದೆ. ಪಾಸ್‌ಬುಕ್ ಸರಿಸಿದೆ.
ಬೆನ್ನಗುಂಟ ಬೆವರು ಇಳಿಯಾಕತ್ತಿತ್ತು.
ಆಗ ಪಾಳಿಯೊಳಗ ನನ್ನ ಹಿಂದಿಂದೊಂದು ಹುಡುಗಿ,
ಈಗ ಹಲ್ಲು ಬಿದ್ದದ್ದಿರಬೇಕು, ಮಾತು ತೊದಲತಿತ್ತು,
ಅವ್ವಗ ಹೇಳಿತು:
"ನೋಡಬೇ, ಇಂದುಮುಖಿ ನಿಂತಾಳ."

ನಾ ತಿರಗಲಿಲ್ಲ.