ಕೊಸರು

ನಿನ್ನೂರಲ್ಲಿ ರಾತ್ರಿ ಹನ್ನೊಂದು ಐವತ್ತೊಂಬತ್ತಕ್ಕೆ ಗಡುವು.
ಆಗ ಕಿಸುಮುವಿನಲ್ಲಿ ಬೆಳಿಗ್ಗೆ ಏಳು ಐವತ್ತೊಂಬತ್ತು,
ಅಮ್ಮ ಸರೋವರದ ದಡದಿಂದ ಬುಟ್ಟಿ ಹೊತ್ತು
ಕಿಬುಯೆ ಸಂತೆಯಲ್ಲಿ ಬೋಣಿಗೆ ಕಾಯುವ ಹೊತ್ತು.

ನಿನ್ನ ಹೆಸರು ಗೊತ್ತಿಲ್ಲ.
ದಲ್ಲಾಳಿ ಓಚೊಲಾ ಕೊಟ್ಟಿದ್ದು ಒಂದು ನಂಬರು,
ಆರು ಡಾಲರಿನ ಮಾತು, ಅದರಲ್ಲಿ ಎರಡು ಅವನಿಗೆ,
ಮತ್ತು ಈ ಮನೆಗೆಲಸ.
ಮನೆ ನನ್ನದು, ಕೆಲಸ ನಿನ್ನದು.
ನನ್ನ ಹೆಸರು ಅವೂರ್. ನಡುರಾತ್ರಿ ಹುಟ್ಟಿದವಳು ಅಂತ ಅರ್ಥ.
ಈ ಕಸುಬಿಗೆಂದೇ ಇಟ್ಟ ಹಾಗಿದೆ.

ಹೋದ ವಾರ ಇನ್ಯಾರಿಗೋ ಬ್ಯಾಂಕಿನ ಸರದಿ ಬರೆದೆ.
ಆ ಬ್ಯಾಂಕಿನಲ್ಲಿ ಒಬ್ಬರ ಹಿಂದೊಬ್ಬರು ನಿಲ್ಲುತ್ತಾರೆ,
ಯಾರೂ ನುಗ್ಗುವುದಿಲ್ಲ, ಯಾರ ಮಗುವೂ ಅಳುವುದಿಲ್ಲ.

ನಿನ್ನ ಲೆಕ್ಕ ಹೀಗಿದೆ:
ಒಂದು ಕಂಪನಿ ಸುಗಂಧದ ಮೇಣದಬತ್ತಿ ಮಾಡುತ್ತದೆ.
ಬಾಡಿಗೆ, ಸಂಬಳ ಎಲ್ಲ ಸೇರಿ ತಿಂಗಳಿಗೆ ಎಂಟು ಸಾವಿರದ ನಾನೂರು.
ಬತ್ತಿಯೊಂದಕ್ಕೆ ತಗಲುವುದು ಹದಿನಾಲ್ಕು, ಮಾರುವುದು ಮೂವತ್ತೈದಕ್ಕೆ.
ಎಷ್ಟು ಮಾರಿದರೆ ಲಾಭವೂ ಇಲ್ಲ, ನಷ್ಟವೂ ಇಲ್ಲ?
ಪ್ರೋಗ್ರಾಂ ಬರೆಯಿರಿ. ಹತ್ತು ಅಂಕ.

ಲಾಭವೂ ಇಲ್ಲ, ನಷ್ಟವೂ ಇಲ್ಲ!
ಆ ಜಾಗ ಹುಡುಕಲು ಕಾಲೇಜು ಬೇಕೇನೋ?
ನಮ್ಮ ಓಣಿಯವರೆಲ್ಲ ಅಲ್ಲೇ ವಾಸ.

ಹನ್ನೊಂದು ಸಾಲಿಗೆ ಮುಗಿಯಿತು.
ಕರೆಂಟು ಹೋಗಿತ್ತು, ಬ್ಯಾಟರಿ ಅರ್ಧಕ್ಕಿಂತ ಕೆಳಗೆ.
ಕಿಟಕಿಯಾಚೆ ಕಪ್ಪು ನೀರಿನ ಮೇಲೆ
ಒಮೆನಾ ಹಿಡಿಯುವ ದೋಣಿಗಳ ದೀಪ;
ಬೆಳಕು ಕಂಡಲ್ಲಿಗೆ ಮೀನು ಬರುತ್ತದೆ,
ನಾನೂ ಬಂದು ಕೂತಿದ್ದೇನೆ ಈ ಪರದೆಯ ಮುಂದೆ.
ಓಡಿಸಿದೆ. ನಾನೂರು ಅಂದಿತು.
ಸರಿಯಾದ ಉತ್ತರವೇ.

ಆದರೂ ನಿದ್ದೆ ಹತ್ತಲಿಲ್ಲ.
ಈ ಕಂಪನಿಯವರು ಕೊಸರು ಕೊಡುವುದಿಲ್ಲವೇ?

ಅಮ್ಮ ಗೊರೊಗೊರೊ ಡಬ್ಬದಲ್ಲಿ ಒಣಮೀನು ಅಳೆದು,
ಗೋಪುರ ಏಳುವಷ್ಟು ತುಂಬಿ, ಚೀಲಕ್ಕೆ ಸುರಿದರೆ
ಅಲ್ಲಿಗೆ ವ್ಯಾಪಾರ ಮುಗಿಯುವುದಿಲ್ಲ.
ಕೊಳ್ಳುವವಳು ಚೀಲದ ಬಾಯಿ ಅಗಲಿಸಿ ಹಿಡಿದೇ ನಿಂತಿರುತ್ತಾಳೆ.
ನ್ಯೊಂಗೆಜಾ, ಅನ್ನುತ್ತಾಳೆ.
"ಬಲೆ ಹಾಕಿದ್ದು ನಿನ್ನ ಗಂಡನೇನೇ?" ಅಂತ ಅಮ್ಮ ಬೈಯುತ್ತಾಳೆ,
ಬೈಯುತ್ತಲೇ ಒಂದು ಹಿಡಿ ಹಾಕುತ್ತಾಳೆ.
ಬಸುರಿಗೆ ಎರಡು ಹಿಡಿ.
ಉದ್ರಿಯವರಿಗೂ ಉಂಟು, ಅದು ಯಾವ ಶಾಸ್ತ್ರವೋ.

ಹಾಗಾಗಿ ಹನ್ನೆರಡನೇ ಸಾಲು ಬರೆದೆ:
ಇಪ್ಪತ್ತು ಬತ್ತಿಗೆ ಒಂದು ಕೊಸರು.
ಓಡಿಸಿದೆ. ನಾನೂರ ಹದಿನಾಲ್ಕು.
ಅರೆ, ಪ್ರತಿ ತಿಂಗಳ ಕೊನೆಗೆ ಅಮ್ಮನಿಗೆ
ಕಡಿಮೆ ಬೀಳುವುದೂ ಇಷ್ಟೇ.

ನಿನ್ನ ಮೇಷ್ಟರಿಗೆ ನಾನೂರೇ ಬೇಕು, ಗೊತ್ತು.
ಅವರ ಪರವಾಗಿ ತಿದ್ದುವುದೂ ಒಂದು ಯಂತ್ರ,
ಹದಿನಾಲ್ಕು ಹೆಚ್ಚಾದರೆ ಹತ್ತಕ್ಕೆ ಸೊನ್ನೆ,
ಸೊನ್ನೆ ಬಂದರೆ ನನ್ನ ನಾಲ್ಕು ಡಾಲರೂ ಓಚೊಲಾನ ಜೇಬಿಗೆ.
ನನ್ನದೇ ಮೂರನೇ ಸೆಮಿಸ್ಟರಿನ ಶುಲ್ಕ ಇನ್ನೂ ಬಾಕಿ ಇದೆ, ಮಾರಾಯ.
ನನ್ನ ಓದಿನಿಂದ ಇಲ್ಲಿಯವರೆಗೆ ಐದು ಜನ ಪದವೀಧರರಾದರು,
ನಾನೊಬ್ಬಳು ಬಿಟ್ಟು.

ಸಾಲು ಅಳಿಸಹೋದೆ, ಕೈ ಬರಲಿಲ್ಲ.
ಅದರ ಮುಂದೊಂದು ಹ್ಯಾಶ್ ಗುರುತು ಹಾಕಿದೆ.
ಆ ಗುರುತು ಕಂಡರೆ ಯಂತ್ರ ಓದದೆ ಮುಂದೆ ಹೋಗುತ್ತದೆ,
ದಾರಿಗಡ್ಡ ಮಲಗಿದ ನಾಯಿಯನ್ನು ದಾಟಿದ ಹಾಗೆ.
ಉತ್ತರ ಮತ್ತೆ ನಾನೂರು.
ಕಳಿಸಿದೆ.

ಏಳೂವರೆಗೆ ನಿನ್ನಿಂದ ಒಂದು ಸಂದೇಶ, ಮೊದಲ ಸಲ:
ಈ ಹನ್ನೆರಡನೇ ಸಾಲು ಏನು?

ನಾನಾಗಲೇ ಕಿಬುಯೆಯಲ್ಲಿದ್ದೆ, ಅಮ್ಮನ ಪಕ್ಕ,
ಕೈತುಂಬ ಮೀನಿನ ಹುಡಿ, ಫೋನು ಮುಟ್ಟುವ ಹಾಗಿಲ್ಲ.
ಬೋಣಿಯ ಗಿರಾಕಿ ಚೀಲ ಅಗಲಿಸಿ ನಿಂತಿದ್ದಾಳೆ.
ಇರು, ಹೇಳುತ್ತೇನೆ.
ಮೊದಲು ಇವಳಿಗೊಂದು ಹಿಡಿ.