ಮೂರನೇ ರೀಲು

ಸಿದ್ದಾಪುರದಿಂದ ಜೀಪಿನಲ್ಲಿ ಬರುತ್ತಿತ್ತು ಪ್ರೊಜೆಕ್ಟರು,
ಅದರ ಪಕ್ಕ, ಮದುವೆಗೆ ಹೊರಟವನ ಹಾಗೆ, ಮೊಯ್ದು ಕಾಕ.
ಕಾಫಿ ಬಾಚಿ ಮೂಲೆಗೆ ರಾಶಿ ಹಾಕಿದರೆ
ಕಣವೇ ನಮ್ಮ ಟಾಕೀಸು.
ಸಂಜೆಯಾದರೂ ಸಿಮೆಂಟು ಬೆಚ್ಚಗೆ;
ಕೂತವರ ಬಟ್ಟೆಗೆಲ್ಲ ಚೆರಿಸಿಪ್ಪೆಯ ಹುಳಿವಾಸನೆ.

ವರ್ಷಕ್ಕೊಮ್ಮೆ ಅದೇ ಸಿನಿಮಾ. ಅಣೆಕಟ್ಟು ಒಡೆಯುವುದು.
ಯಾವ ದೇಶದ್ದೋ, ಭಾಷೆ ಯಾರಿಗೂ ತಿಳಿಯದು,
ಮೇಲಾಗಿ ಮೂರನೇ ರೀಲು ಇರಲೇ ಇಲ್ಲ.
ಪಾಲಿಬೆಟ್ಟದ ಹಾದಿಯಲ್ಲಿ ಆನೆ ತುಳಿಯಿತೆಂದು ಕಾಕ,
ಅವರ ಬೀಡಿಯ ಕಿಡಿಗೇ ಸುಟ್ಟಿತೆಂದು ಕಾಕನ ಹೆಂಡತಿ.
ಎರಡನೆಯದರಲ್ಲಿ ಜನ ಉಣ್ಣುತ್ತಿದ್ದರು,
ನಾಲ್ಕನೆಯದರಲ್ಲಿ ನೀರು.
ಯಾಕೆ ಒಡೆಯಿತು, ಯಾರ ತಪ್ಪು ಎಂದು ಕೇಳಿದರೆ
"ಅದೆಲ್ಲ ಮೂರರಲ್ಲಿ" ಎನ್ನುತ್ತಿದ್ದರು.

ಆಟಿಕೆಯ ಊರೆಂದು ನಮಗೂ ಗೊತ್ತಿತ್ತು.
ಮನೆಗಳು ಬೆಂಕಿಪೆಟ್ಟಿಗೆ ಗಾತ್ರ,
ನೀರಹನಿ ಮಾತ್ರ ಕಿತ್ತಳೆ ಗಾತ್ರ;
ಎಲ್ಲವನ್ನೂ ಕಿರಿದು ಮಾಡಬಲ್ಲ ಬಡಗಿ
ಹನಿಯನ್ನು ಕೆತ್ತಲಾರ.
ಒಂದು ಕಡೆ, ಗಡಿಯಾರದ ಗೋಪುರ ಬೀಳುವ ಮುಂಚೆ,
ಅದರ ಹಿಂದೆ ಯಾರದೋ ಹೆಬ್ಬೆರಳು ಕಾಣುತ್ತಿತ್ತು.
ಅದಕ್ಕಾಗಿಯೇ ಕಾಯುತ್ತಿದ್ದೆವು,
ಕಂಡೊಡನೆ ಲೈನ್‌ಮನೆಯ ಮಕ್ಕಳೆಲ್ಲ ಹೋ ಎಂದು ಕೂಗು.
ಆಮೇಲೆ ಟೆಲಿಫೋನಿನವಳು ಬಂದರೆ ಕಣವೆಲ್ಲ ಗಪ್‌ಚಿಪ್:
ಮೊಣಕಾಲಿಗೆ ನೀರು, ಕಿವಿಗೆ ಕರಿ ಬಟ್ಟಲು,
ಒಂದು ವೈರು ಕಿತ್ತು ಇನ್ನೊಂದು ತೂತಿಗೆ,
ಮನೆಮನೆಗೂ ಒಂದೊಂದೇ ಕರೆ.
ಅವಳಿಗೆ ನಾವೇ ಹೆಸರಿಟ್ಟಿದ್ದೆವು: ಬೊಳ್ಳಮ್ಮ.

ಈಗ ಅದನ್ನೇ ಮತ್ತೆ ತೆಗೆದಿದ್ದಾರೆ.
ಕುಶಾಲನಗರಕ್ಕೆ ಕರೆದೊಯ್ದ ತಂಗಿಯ ಮಗ ನಾಚಪ್ಪ,
ಕಣ್ಣಿಗೆ ಕಪ್ಪು ಕನ್ನಡಕ, ಕೈಗೆ ಪಾಪ್‌ಕಾರ್ನು ಕೊಟ್ಟ.
ಹನಿಹನಿಯೂ ಸರಿಯಳತೆ.
ಬಿರುಕಿನೊಳಗಿನ ಕಂಬಿಯ ತುಕ್ಕೂ ಕಂಡಿತು.
ಎಂಜಿನಿಯರನಿಗೆ ಸತ್ತ ಮಗಳು, ಗುತ್ತಿಗೆದಾರನಿಗೆ ಸಾಲ,
ನೀರಿಗೂ ಒಂದು ಕಾರಣ.
ಬೊಳ್ಳಮ್ಮ ಇಲ್ಲ. ಊರಿನ ಮೊಬೈಲುಗಳೆಲ್ಲ
ಒಟ್ಟಿಗೇ ಕಿರುಚಿದವು, ಎಲ್ಲರೂ ಓಡಿದರು.
"ಹೇಗಿತ್ತು ದೊಡ್ಡಮ್ಮ? ಥೇಟ್ ನಿಜದ ಹಾಗೇ ಇತ್ತಲ್ಲ?"

ನಿಜದ ಹಾಗೆ.
ಅವನಾಗ ಮೈಸೂರಿನ ಹಾಸ್ಟೆಲಿನಲ್ಲಿದ್ದ.
ಆ ಆಗಸ್ಟಿನಲ್ಲಿ ನಮ್ಮ ಹಿಂದಿನ ಬರೆ ಜಾರಿದಾಗ
ದೊಡ್ಡ ಸದ್ದೇನಲ್ಲ;
ಚೀಲದಿಂದ ಕಾಫಿ ಸುರಿದ ಹಾಗೆ,
ಚೀಲ ಬರಿದಾಗದೆ ಸುರಿಯುತ್ತಲೇ ಇದ್ದ ಹಾಗೆ.
ಮೆಣಸಿನ ಬಳ್ಳಿ ಹೊತ್ತ ಸಿಲ್ವರ್ ಮರಗಳು
ನಿಂತುಕೊಂಡೇ ಹೋದವು,
ಬಸ್ಸಿನಲ್ಲಿ ಸೀಟು ಸಿಗದವರ ಹಾಗೆ.

ಅದಕ್ಕೂ ಮೊದಲು ಫೋನು ಬಂದಿತ್ತು.
ಪೋಸ್ಟಾಫೀಸಿನ ರುಕಿಯಾ, ಕಾಕನ ಮೊಮ್ಮಗಳು,
ಚಾರ್ಜು ಮುಗಿಯುವ ತನಕ ಒಂದೊಂದೇ ಮನೆಗೆ:
"ಅಕ್ಕಾ, ಚಪ್ಪಲಿ ಹುಡುಕಬೇಡಿ, ಹೊರಡಿ."
ನನ್ನದು ಹನ್ನೊಂದನೆಯದಂತೆ.
ಹನ್ನೆರಡನೆಯ ಮನೆಯಲ್ಲಿ ರಿಂಗಾಗುತ್ತಲೇ ಇತ್ತಂತೆ.

ಆಮೇಲೆ ಬಂದವರು ಬಹಳ.
ಮಣ್ಣು ಅಳೆದರು, ಮಳೆ ಅಳೆದರು,
ರಸ್ತೆ ಎಂದರು, ರೆಸಾರ್ಟು ಎಂದರು,
ಮೊದಲೇ ನೆಲ ನಡುಗಿತ್ತು ಎಂದರು.
ಎಲ್ಲರಿಗೂ ಹೂಂ ಎಂದೆ.
ಅದೆಲ್ಲ ಮೂರರಲ್ಲಿ.

ನಾಚಪ್ಪನಿಗೆ ಇದನ್ನು ಹೇಳಲಿಲ್ಲ.
ಚೆನ್ನಾಗಿತ್ತು ಕಣೋ ಎಂದೆ, ಕನ್ನಡಕ ವಾಪಸು ಕೊಟ್ಟೆ.
ಕಣ್ಣು ನೋಯುವಷ್ಟು ನೋಡಿದ್ದೆ,
ಪ್ರತಿ ಗೋಪುರದ ಹಿಂದೆ, ಪ್ರತಿ ಮನೆಯ ಹಿಂದೆ;
ಆ ಹೆಬ್ಬೆರಳು ಎಲ್ಲೂ ಕಾಣಲಿಲ್ಲ.